ಸೀಮಂತದ ಸೀರೆಯ ಬಣ್ಣ

ಮದ್ದೂರು
೧೪-೧೨-೨೦೨೫, ಭಾನುವಾರ

ಪ್ರೀತಿಯ ಅರ್ಪಿತಾ,

ಮಲ್ಲಿಗಮ್ಮನವರ ಮಗಳೂ ನನ್ನ ಮಗಳ ತಾಯಿಯೂ ಆದ ನಿನ್ನ ಸನ್ನಿಧಿಯಲ್ಲಿ ನನ್ನ ತಪ್ಪೊಪ್ಪಿಗೆ: ನಾನು ಕಳ್ಳ. ಬೀರುವಿನಲ್ಲಿದ್ದ ನಿನ್ನ ಸೀಮಂತದ ಸೀರೆಯನ್ನು ಹಾಡಹಗಲೇ ಕದ್ದಿದ್ದೇನೆ. ವಸ್ತ್ರಾಪಹರಣವೇ ಸರಿ, ಆದರೆ ಸದುದ್ದೇಶದ್ದು.

ಅದಿರಲಿ, ನೀನು ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೆ? ಪುಟ್ಟಿ ಈಗಲೂ ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಸಂಗೀತ ಕಚೇರಿ ನಡೆಸುತ್ತಿದ್ದಾಳೆಯೆ? ಫೋನಿನಲ್ಲೇ ಕೇಳಬಹುದಿತ್ತು, ಆದರೆ ಮಳವಳ್ಳಿಯಲ್ಲಿ ನಿಮ್ಮಮ್ಮ ಸ್ಪೀಕರ್ ಹಾಕಿಸಿ ಬೀದಿಗೆಲ್ಲ ಕೇಳಿಸುತ್ತಾರೆ. ಅದಕ್ಕೇ ಈ ಕಾಗದ ಅರ್ಪಿತಾಗೆ ಮಾತ್ರ ಅರ್ಪಿತ.

ಬಾಣಂತನಕ್ಕೆ ಹೊರಡುವಾಗ ನೀನು ಹೇಳಿದ್ದೆ: “ನಡುಮನೆ ಗೋಡೆಗೆ ನನ್ನ ಸೀಮಂತದ ಸೀರೆ ಬಣ್ಣನೇ ಬೇಕು ಕಣ್ರೀ. ಒಂಚೂರು ಅತ್ತಿತ್ತ ಆದ್ರೂ ಮಗೀನ ಎತ್ಕೊಂಡು ಬರಾಕಿಲ್ಲ.” ಬರುವ ಗುರುವಾರ ನೀವಿಬ್ಬರೂ ಬರಬೇಕು. ಸೀರೆಯನ್ನೇ ಪೇಂಟ್ ಅಂಗಡಿಗೆ ಒಯ್ದು ತೋರಿಸಬಹುದಿತ್ತಲ್ಲ ಅನ್ನುತ್ತೀಯ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು ಹಾಗೆ ಮಾಡಿದರೆ ಮರ್ಯಾದೆ ಏನಾಗಬೇಕು? ಮಾವಿನಹಣ್ಣಿನ ಬಣ್ಣದ ಆ ಸೀರೆಯನ್ನು ಹಿತ್ತಿಲ ಹಗ್ಗದ ಮೇಲೆ ಹರವಿ ಫೋಟೊ ತೆಗೆದೆ. ಫೋಟೊ ಎಂದರೆ ನೀನು ಇಡುವ ಚುಕ್ಕಿ ರಂಗೋಲಿಯೇ. ಒಂದೊಂದು ಚುಕ್ಕಿಯಲ್ಲೂ ಮೂರು ಅಂಕಿ ಕೂತಿರುತ್ತವೆ: ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಅಂತ. ಯಾವ ಜಾಗದ ಚುಕ್ಕಿ ಎಂದು ಹೇಳಿದರೆ ನಾನು ಬರೆದ ಕಂಪ್ಯೂಟರ್ ಪ್ರೋಗ್ರಾಂ ಆ ಅಂಕಿಗಳನ್ನು ಒಪ್ಪಿಸುತ್ತದೆ. ಅದೂ ಹಿಂದುಮುಂದಾಗಿ, ನೀಲಿಯನ್ನು ಮೊದಲು ಮಾಡಿ. ಎಷ್ಟೋ ಜನ ಜಾರಿ ಬೀಳುವ ಜಾಗ ಅದು. ನಾನು ಬೀಳಲಿಲ್ಲ. ತಿರುಗಿಸಿ ಸರಿಯಾಗಿ ಬರೆದು ಪೇಂಟರ್ ಕೆಂಪಸಿದ್ದಯ್ಯನ ಕೈಗಿಟ್ಟು ಪರೀಕ್ಷೆ ಕೆಲಸಕ್ಕೆ ಮಂಡ್ಯಕ್ಕೆ ಹೋದೆ. ಸಂಜೆ ಬಂದು ನೋಡಿದರೆ ನಡುಮನೆಯೆಲ್ಲ ನೀಲಿ!

ಹೆಸರಿನಲ್ಲಿ ಕೆಂಪು, ಗೋಡೆಗೆ ನೀಲಿ! ಮೈಯೆಲ್ಲ ಉರಿದು ರೇಗಿದೆ. ಅವನೋ, “ನನ್ ಮ್ಯಾಲ್ಯಾಕ್ ಸಾ ಎಗರಾಡ್ತೀರಿ? ನೀವ್ ಕೊಟ್ಟ ನಂಬರ್‌ಗೆ ಅಂಗಡಿಯೋರು ಕಲಸ್ಕೊಟ್ರು, ನಾ ಬಳ್ದೆ. ಅಮ್ಮಾವ್ರಿಗೆ ನೀವೇ ಯೋಳ್ಕಳಿ” ಎಂದು ತಣ್ಣಗೆ ಬ್ರಷ್ಷು ತೊಳೆಯುತ್ತ ಕೂತ. ನನ್ನ ಬಣ್ಣ ಬಯಲಾಗಲಿ ಎಂದೇ ಕಾಯುತ್ತಿದ್ದಾನೆ. ಅಂಗಡಿಯವರು ಕಲಸುವಾಗ ಎಡವಿರಬಹುದು, ಇವನು ಡಬ್ಬಿಯನ್ನೇ ಅದಲುಬದಲು ಮಾಡಿರಬಹುದು; ನನ್ನ ಪ್ರೋಗ್ರಾಮಿನಲ್ಲಿ ಮಾತ್ರ ಎಳ್ಳಷ್ಟೂ ತಪ್ಪಿಲ್ಲ. ಇದನ್ನು ನಿಮ್ಮಮ್ಮನಿಗೂ ಧೈರ್ಯವಾಗಿ ಹೇಳು.

ಅವರಿಗೆ ನನ್ನ ನಮಸ್ಕಾರ, ಪುಟ್ಟಿಯ ಎರಡು ಅಂಗಾಲಿಗೂ ಮುತ್ತು.

ನಿನ್ನ
ಮಹದೇವು

ತಾ.ಕ.: ನಿಮ್ಮಮ್ಮನಿಗೆ ಏನೂ ಹೇಳಬೇಡ! ಲಕೋಟೆ ಅಂಟಿಸುವ ಮುಂಚೆ ಸುಮ್ಮನೆ ಪ್ರೋಗ್ರಾಂ ತೆರೆದೆ. ಚುಕ್ಕಿಯ ಜಾಗ ಹೇಳುವಾಗ ಮೇಲಿನಿಂದ ಎಷ್ಟನೆಯ ಸಾಲು ಎಂಬುದನ್ನು ಅದಕ್ಕೆ ಮೊದಲು ಹೇಳಬೇಕು, ಅಡ್ಡಕ್ಕೆ ಎಷ್ಟನೆಯ ಚುಕ್ಕಿ ಎಂಬುದನ್ನು ಆಮೇಲೆ. ನಾನು ಅಡ್ಡಕ್ಕೆ ಎಣಿಸಿದ್ದನ್ನು ಮೊದಲು ಕೊಟ್ಟುಬಿಟ್ಟಿದ್ದೇನೆ. ಚುಕ್ಕಿ ಸೀರೆಯನ್ನು ಬಿಟ್ಟು ಪಕ್ಕದಲ್ಲಿ ಒಣಗುತ್ತಿದ್ದ ಬಟ್ಟೆಗೆ ಹೋಗಿದೆ. ಕೆಂಪಸಿದ್ದಯ್ಯನಿಗೆ ಹೇಳುವ ಮುಖ ನನಗಿಲ್ಲ. ಗುರುವಾರ ಬರದೇ ಇರಬೇಡ ಕಣೇ, ಅಡ್ಡದಿಂದ ಕೆಟ್ಟವನು ಬಾಗಿಲಲ್ಲೇ ಅಡ್ಡಬೀಳುತ್ತೇನೆ. ನಡುಮನೆಗೆ ಈಗ ಬಳಿದಿರುವುದು ನನ್ನ ಹಳೇ ಲುಂಗಿಯ ಬಣ್ಣ.