ನೆಟ್ಟಗೆ ಕಟ್ಟಿದ ಕಡ್ಡಿಗಳು

ಮಸ್ಕಿ, ೧೪ ನವೆಂಬರ್ ೧೯೮೭, ಶನಿವಾರ

ಮೈಲಾರಲಿಂಗಪ್ಪ ಇಂದು ಸೈಕಲ್ ತಳ್ಳಿಕೊಂಡು ನಮ್ಮ ರಿಪೇರಿ ಅಂಗಡಿಗೇ ಬಂದ. ಹೋದ ವರ್ಷ “ಪಂಚರ್ ಹಚ್ಚೋರ ಮನಿ ಹೆಣ್ಣು ನಮಗ ಬ್ಯಾಡ” ಎಂದು ನನ್ನ ತಂಗಿ ಕನಕಮ್ಮನ ಸಂಬಂಧ ಮುರಿದವನು.

“ಹಿಂದಿನ ಗಾಲಿ ಕಡ್ಡಿ ಕತ್ತರಿ ಹಾಕಬ್ಯಾಡಲೇ. ಸೂರ್ಯನ ಕಿರಣದಂಗ ನೆಟ್ಟಗ ಕಟ್ಟು. ನಾಳೆ ಲಿಂಗಸುಗೂರಿಗೆ ಹೆಣ್ಣು ನೋಡಾಕ ಹೊಂಟೀನಿ.”

“ಆತು ಬಿಡ್ರಿ” ಎಂದೆ. ಹೇಳಿದಂತೆಯೇ ಕಟ್ಟಿದೆ. ಕತ್ತರಿ ಹಾಕಿದರೆ, ಅಂದರೆ ಒಂದರ ಮೇಲೊಂದು ಹಾಯಿಸಿ ಕಟ್ಟಿದರೆ, ಕಡ್ಡಿಗಳು ಪೆಡಲಿನ ಎಳೆತವನ್ನು ರಿಮ್ಮಿಗೆ ಮುಟ್ಟಿಸುತ್ತವೆ. ನೆಟ್ಟಗಿದ್ದರೆ ನಡುವಿನ ಹಬ್ ಮೊದಲು ತಿರುಗಿ ಕಡ್ಡಿಗಳನ್ನು ಜಗ್ಗುತ್ತದೆ. ಲಿಂಗಸುಗೂರಿನ ಹಾದಿಯಲ್ಲಿ ಏರು ಬಂದಾಗ ಕಡ್ಡಿಗಳು ಒಂದೊಂದಾಗಿ ತುಂಡಾಗುತ್ತವೆ. ಅವನು ಸೈಕಲ್ ಹೊತ್ತು ಹೆಣ್ಣಿನವರ ಬಾಗಿಲಿಗೆ ಹೋಗುವುದನ್ನು ಸಂಜೆಯೆಲ್ಲ ನೆನೆದು ಸುಖಪಟ್ಟೆ.

ಊಟಕ್ಕೆ ಕುಳಿತಾಗ ಕನಕಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ.

“ಗಾಲಿ ಮುರಿದ್ರ ಯಾರು ಕಟ್ಟಿದ್ದಂತ ಕೇಳ್ತಾರ, ಯಣ್ಣಾ. ನಿನ್ನ ಹೆಸರು ಬರ್ತದ. ಅವ ನಮ್ಮನ್ನ ಅಂದ ಮಾತು ನೀನ ಖರೇ ಮಾಡಾಕತ್ತಿ.”

ಸೈಕಲ್ ಇನ್ನೂ ಅಂಗಡಿಯಲ್ಲಿದೆ. ಬಿಚ್ಚಿ, ಕತ್ತರಿ ಹಾಕಿ ಕಟ್ಟಲು ಒಂದೆರಡು ತಾಸು ಸಾಕು. ಅಂಗಡಿಯ ಕೀಲಿಕೈ ಪಕ್ಕದಲ್ಲೇ ಇದೆ. ಅವಳ ಮಾತು ಸರಿ, ಒಂದಕ್ಷರವೂ ತಪ್ಪಿಲ್ಲ. ಆದರೆ ಆ ಏರಿನಲ್ಲಿ ಮೊದಲ ಕಡ್ಡಿ ಟಣ್ ಎಂದಾಗ ಅವನ ಮುಖ ಹೇಗಾಗುತ್ತದೆಂದು ನೆನೆಯುವ ಸುಖವನ್ನು ಬಿಡಲಾಗುತ್ತಿಲ್ಲ; ಕೀಲಿಕೈಯನ್ನು ಇನ್ನೂ ಮುಟ್ಟಿಲ್ಲ.