ನರಿ ಹತ್ತಿದ ಮಣ್ಣು

ಮರಳು ಕ್ವಾರಿ, ಡಿಸೆಂಬರ್ ೬

ಪ್ರೀತಿಯ ಐಲ್ಸಾ ಟೀಚರ್,

ಪರ್ತ್ ಆಸ್ಪತ್ರೆಯಲ್ಲಿ ನಿಮ್ಮ ಮಂಡಿ ಆಪರೇಷನ್ ಸರಿಯಾಗಿ ಆಯಿತೆಂದು ಕೇಳಿ ಸಮಾಧಾನವಾಯಿತು. ವಾಸಿಯಾದ ಮೇಲೂ ಭಾನುವಾರಗಳಂದು ಹಕ್ಕಿ ಎಣಿಸಲು ಬರಬೇಡಿ.

ಕಳ್ಳಿಪೀರ ಹಕ್ಕಿಗಳು ಬಿಲ ತೋಡಿದ್ದ ಕಡಿದಾದ ದಿಬ್ಬದ ಹತ್ತಿರ ಲಾರಿ ಸುಳಿಯದಿರಲೆಂದು, ಕ್ವಾರಿಯ ಪದ್ಧತಿಯಂತೆ ನಾನೇ ಮಣ್ಣೆತ್ತುವ ಲೋಡರ್ ಯಂತ್ರದಿಂದ ಅದರ ಬುಡಕ್ಕೆ ಮಣ್ಣು ಏರಿಸಿದ್ದೆ. ನರಿಗೆ ಏಣಿ ಇಟ್ಟುಕೊಟ್ಟಂತಾಯಿತು. ಹನ್ನೊಂದು ಬಿಲಗಳನ್ನೂ ಬಗೆದು ಮರಿಗಳನ್ನು ತಿಂದಿದೆ.

“ಹಕ್ಕೀನೇ ಇಲ್ವಲ್ಲ ಕ್ಲೆಮ್, ಇನ್ಯಾಕಪ್ಪ ದಿಬ್ಬ? ಸೋಮವಾರ ಎತ್ತಿಬಿಡು” ಅಂದರು ಮ್ಯಾನೇಜರ್ ಡಗಲ್.

“ದಿಬ್ಬದ ಮೇಲೆ ಟೀಚರ್ ಕಾಪಾಡ್ತಿರೋ ಆರ್ಕಿಡ್ ಹೂಗಿಡ ಇದೆ” ಅಂದೆ.

“ಎಲ್ಲಿದೆ, ತೋರ್ಸು?”

ನಮ್ಮ ಡಿಸೆಂಬರಿನ ಈ ಬೇಸಿಗೆಯಲ್ಲಿ ಅವು ನೆಲದೊಳಗೆ ಗೆಡ್ಡೆಯಾಗಿ ಮಲಗಿರುತ್ತವೆ. ಏನು ತೋರಿಸಲಿ?

ನೀವು ಗುರುತಿಗೆ ಕಡ್ಡಿ ನೆಟ್ಟಿದ್ದ ಜಾಗವನ್ನು ಕೈಯಿಂದಲೇ ಅಗೆದು ಒಂದು ಬಕೆಟ್ ಮಣ್ಣು ತುಂಬಿಟ್ಟಿದ್ದೇನೆ. ಜಾಗ ಬದಲಿಸಿದರೆ ಅವು ಬದುಕುವುದಿಲ್ಲವೆಂದು ನೀವೇ ಹೇಳಿದ್ದು ನೆನಪಿದೆ. ಆದರೂ ಬಕೆಟ್ ಒಯ್ಯಲು ಯಾರನ್ನಾದರೂ ಕಳಿಸಿ.

ಒಂದು ಹಕ್ಕಿ ಈಗಲೂ ಕೊಕ್ಕಿನಲ್ಲಿ ಜೇನುನೊಣ ಹಿಡಿದು ಬಂದು ಖಾಲಿ ಬಿಲದ ಮುಂದೆ ಕೂರುತ್ತದೆ. ಲೋಡರ್ ಹೊರಡಿಸುವ ಮುನ್ನ ಎರಡು ಸಲ ಹಾರನ್ ಹೊಡೆಯಬೇಕೆಂದು ನಿಯಮವಿದೆ. ಸೋಮವಾರ ಅದು ಹಾರಿಹೋಗುವವರೆಗೂ ಹೊಡೆಯುತ್ತೇನೆ.

ನಿಮ್ಮ ಹಳೇ ವಿದ್ಯಾರ್ಥಿ,
ಕ್ಲೆಮ್