ಹಳೆಯ ಹೊಲಿಗೆ

ಮಗಳೇ,

ನಿನ್ನ ವಿಳಾಸ ನನ್ನಲ್ಲಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊನ್ನೆ ನನ್ನ ಲಿವರಿನ ಗಡ್ಡೆ ತೆಗೆದರು. ಮುಷ್ಟಿಯಷ್ಟು ತುಂಡು ಕತ್ತರಿಸಿದ್ದಾರಂತೆ. ನೋಡಿಕೊಂಡರೆ ಹೊಟ್ಟೆಯ ಮೇಲೆ ಗುಂಡಿಯ ಕಾಜದಷ್ಟು ಚಿಕ್ಕ ಐದು ತೂತು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳ ಕಿವಿಗೇ ಹೂವಿಡುತ್ತಿದ್ದಾರೆ ಎಂದುಕೊಂಡೆ.

ಇವತ್ತು ಡಾಕ್ಟರನ್ನು ಹಿಡಿದು ಕೇಳಿದೆ.

"ಈಗ ಪ್ರಪಂಚದಲ್ಲೆಲ್ಲ ಹೀಗೇ ಮಾಡ್ತಾರಮ್ಮ," ಎಂದರು.

"ಎಲ್ಲರೂ ಇದನ್ನೇ ತಗೊಳ್ತಾರೆ ಅಂತ ಬಟ್ಟೆ ಅಂಗಡಿಯವನೂ ಹೇಳ್ತಾನೆ. ಅಷ್ಟು ದೊಡ್ಡ ತುಂಡು ಈ ತೂತಲ್ಲಿ ಹೇಗೆ ಬಂತು?"

ಅವರು ನಕ್ಕು ಕೆಳಹೊಟ್ಟೆಗೆ ಅಂಟಿಸಿದ್ದ ಬ್ಯಾಂಡೇಜ್ ಪಟ್ಟಿ ತೋರಿಸಿದರು. "ಚೀಲಕ್ಕೆ ಹಾಕಿ ಇಲ್ಲಿಂದ ತೆಗೆದ್ವಿ. ಹಳೇ ಸಿಸೇರಿಯನ್ ಗಾಯ ಇತ್ತಲ್ಲ, ಹೊಸದಾಗಿ ಯಾಕೆ ಕೊಯ್ಯೋದು ಅಂತ ಅದನ್ನೇ ಬಿಚ್ಚಿದ್ವಿ."

ನೀನು ಹುಟ್ಟಿದಾಗ ಹಾಕಿದ ಹೊಲಿಗೆ ಅದು. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಬದಲು ಹಳೆಯ ಹೊಲಿಗೆ ಬಿಚ್ಚುವುದು ದರ್ಜಿಯ ಬುದ್ಧಿ. ನಾನೂ ಹಾಗೇ ಮಾಡುತ್ತಿದ್ದೆ. ಆದರೂ ಪಟ್ಟಿ ಎತ್ತಿಸಿ ಕಣ್ಣಾರೆ ಕಂಡ ಮೇಲೆಯೇ ನಂಬಿದೆ. ನನ್ನ ಸರ ಕಾಣೆಯಾದ ದಿನ ನಿನ್ನ ಪೆಟ್ಟಿಗೆಯನ್ನೂ ಹೀಗೇ ಎಲ್ಲರೆದುರು ಬಿಚ್ಚಿಸಿದ್ದೆ. ಅದರಲ್ಲಿ ನಿನ್ನ ಬಟ್ಟೆ ಬಿಟ್ಟು ಬೇರೇನೂ ಇರಲಿಲ್ಲ. ಅದೇ ಪೆಟ್ಟಿಗೆ ಹಿಡಿದು ಹೋದವಳು ನೀನು ಮತ್ತೆ ಬರಲಿಲ್ಲ.

ಅಷ್ಟರಲ್ಲಿ ಡಾಕ್ಟರು ನನ್ನ ಫಾರ್ಮ್ ತಿರುವಿದರು. "ಮಕ್ಕಳಿಲ್ಲ ಅಂತ ಬರೆದಿದ್ದೀರಲ್ಲಮ್ಮ?"

"ಬರೆಯೋವಾಗ ಕನ್ನಡಕ ಇರ್ಲಿಲ್ಲಪ್ಪ," ಎಂದೆ. ಕನ್ನಡಕ ಮೂಗಿನ ಮೇಲೇ ಇತ್ತು.

ಅವರು ಏನನ್ನೂ ಬಿಚ್ಚಿ ನೋಡಲಿಲ್ಲ. ನನ್ನ ಮಾತು ನಂಬಿ, 'ಒಂದು' ಎಂದು ತಿದ್ದಿದರು.